ಚಿಂದಿಯ ಎಡಮಂಡಿ

ಪರದೆ ಹೊಲಿಯುವವರ ಮನೆಯಲ್ಲಿ ನಾಯಿಗೊಂದು ಅಂಗಿ ಹೊಲಿಯುವುದು ದೊಡ್ಡ ಸಂಗತಿಯೇನಲ್ಲ. ಮಿಕ್ಕ ಬಟ್ಟೆ ಬಿದ್ದಿರುತ್ತದೆ, ಮಿಷನ್ನು ಕೂತಿರುತ್ತದೆ, ಕೈಗಂತೂ ಸುಮ್ಮನಿರಲು ಬರುವುದಿಲ್ಲ. ಆದರೆ ಅತ್ತೆ ಚಿಂದಿಗೆ ಹೊಲಿದದ್ದು ಚಂದಕ್ಕೆ ತೊಡಿಸುವ ಅಂಗಿಯಲ್ಲ, ಎತ್ತುವ ಅಂಗಿ. ಹೊಟ್ಟೆಯ ಕೆಳಗಿಂದ ಸುತ್ತಿ ಬಂದು ಬೆನ್ನ ಮೇಲೆ ಬಕಲ್ಲುಗಳಲ್ಲಿ ಕೂಡುವಂಥದು, ಮೇಲೆ ಚೀಲದ ಹಿಡಿಯಂಥ ಎರಡು ಪಟ್ಟಿ. ಮುಂದಿನ ಪಟ್ಟಿಯನ್ನು ಒಬ್ಬರು, ಹಿಂದಿನದನ್ನು ಇನ್ನೊಬ್ಬರು ಹಿಡಿದರೆ ಎಡ ಹಿಂಗಾಲು ನೆಲಕ್ಕೆ ತಾಗದ ಹಾಗೆ ನಾಯಿಯನ್ನು ಮೂರು ಮಹಡಿ ಇಳಿಸಬಹುದು, ಮೂರು ಮಹಡಿ ಹತ್ತಿಸಬಹುದು. ಮನೆ ಮೇಲೆ, ಅಂಗಡಿ ಕೆಳಗೆ, ನಡುವೆ ಲಿಫ್ಟ್ ಇಲ್ಲ. ಚಿಂದಿಗೆ ಮನೆಯೂ ಬೇಕು, ಅಂಗಡಿಯೂ ಬೇಕು.

ಚಿಂದಿ ಅನ್ನುವ ಹೆಸರು ಅತ್ತೆಯದೇ. ಮರಿಯಾಗಿದ್ದಾಗ ಕತ್ತರಿಸಿ ಉಳಿದ ಚಿಂದಿ ಬಟ್ಟೆಯ ಗುಡ್ಡೆಯೊಳಗೆ ಹೊಕ್ಕು ಮಲಗುತ್ತಿತ್ತು. ತಂದವನು ಅದಕ್ಕೆ ಬೇರೇನೋ ಗತ್ತಿನ ಹೆಸರಿಟ್ಟಿದ್ದ. ತಂದವನು ಹೋದ ಮೇಲೆ ಆ ಹೆಸರೂ ಹೋಯಿತು.

ತಂದವನು ಅಂದರೆ ಅತ್ತೆಯ ಮಗ, ಸೊಸೆಯ ಗಂಡ. ಸತ್ತಿರಲಿಲ್ಲ. ಅದೇ ಊರಿನ ಇನ್ನೊಂದು ಮೂಲೆಯಲ್ಲಿ, ಇನ್ನೊಬ್ಬಳ ಮನೆಯಲ್ಲಿ, ಗುಂಡುಕಲ್ಲಿನ ಹಾಗೆ ಚೆನ್ನಾಗಿಯೇ ಇದ್ದ. ಸತ್ತಿದ್ದರೆ ನಾಲ್ಕು ಜನ ಬಂದು ಕೂತು ಅಳುತ್ತಿದ್ದರು. ಹೀಗೆ ಎದ್ದು ಹೋದವನ ಮನೆಗೆ ಬಂದು ಏನು ಮಾಡಬೇಕು, ಏನು ಮಾತಾಡಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಯಾರೂ ಬರಲಿಲ್ಲ.

ಸೊಸೆಗೆ ಅಳುವೂ ಬಂದಿರಲಿಲ್ಲ, ಸಿಟ್ಟೂ ಬಂದಿರಲಿಲ್ಲ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ಕೈಗೆ ಜೋಮು ಹಿಡಿಯುತ್ತದಲ್ಲ, ಆ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಪಕ್ಕಕ್ಕಿಡಬೇಕಾಗುತ್ತದಲ್ಲ, ಹಾಗೆ ತನ್ನನ್ನು ತಾನೇ ಎತ್ತಿ ಎತ್ತಿ ಇಡುತ್ತ ದಿನ ಕಳೆಯುತ್ತಿದ್ದಳು. ಬೆಳಿಗ್ಗೆ ಹಾಸಿಗೆಯಿಂದ ಎತ್ತಿ ಮಿಷನ್ನಿನ ಮುಂದೆ ಇಡುವುದು, ಸಂಜೆ ಮಿಷನ್ನಿನಿಂದ ಎತ್ತಿ ಹಾಸಿಗೆಗೆ ಇಡುವುದು.

ಬೇರೆ ಊರಿನಲ್ಲಿದ್ದ ಅಕ್ಕ ಫೋನು ಮಾಡಿ ಮಾಡಿ ಒಂದು ದಾರಿ ಮಾಡಿದ್ದಳು. ತನ್ನ ಮನೆಯಲ್ಲೇ ಒಂದು ಕೋಣೆ, ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲೊಂದು ಕೆಲಸ. ಈ ತಿಂಗಳು ಮುಗಿದ ಮೇಲೆ ಹೊರಡುವುದೆಂದು ಮಾತಾಗಿತ್ತು. ನಾಯಿ ಅತ್ತೆಯ ಹತ್ತಿರ ಉಳಿಯುವುದೆಂದೂ ಆಗಿತ್ತು. ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೆತ್ತ ಮಗನೇ ಬಿಟ್ಟುಹೋದ ಮೇಲೆ ಸೊಸೆಯನ್ನು ಯಾವ ಬಾಯಲ್ಲಿ ಇರು ಅನ್ನಲಿ ಎಂದು ಅತ್ತೆ; ಕಟ್ಟಿಕೊಂಡವನೇ ಇಲ್ಲದ ಮನೆಯಲ್ಲಿ ಯಾವ ಮುಖ ಇಟ್ಟುಕೊಂಡು ಇರಲಿ ಎಂದು ಸೊಸೆ. ಇಬ್ಬರೂ ಬಾಯಿ ಬಿಡದೆ ಪರದೆಯ ಎರಡು ತುದಿ ಹಿಡಿದು ಮಡಚುತ್ತಿದ್ದರು. ಪರದೆ ಮಡಚಲು ಎರಡು ಜನ ಬೇಕು. ಒಬ್ಬರೇ ಮಡಚಿದರೆ ನೆಲಕ್ಕೆ ಬೀಳುತ್ತದೆ, ಸುಕ್ಕಾಗುತ್ತದೆ.

ಅಷ್ಟರಲ್ಲಿ ಅವನು ಒಂದು ಮಧ್ಯಾಹ್ನ ಉಳಿದ ಬಟ್ಟೆಬರೆ ಒಯ್ಯಲು ಬಂದ. ಚೀಲ ತುಂಬಿಕೊಂಡು ಮೆಟ್ಟಿಲಿಳಿದ. ಚಿಂದಿ ಬಾಗಿಲ ಸಂದಿಯಲ್ಲಿ ನುಗ್ಗಿ ಅವನ ಹಿಂದೆ ಹಾರುತ್ತ ಹೋಯಿತು. ಮೊದಲ ತಿರುವಿನಲ್ಲಿ ಒಂದು ಸಲ ಕುಂಯ್ ಅಂದದ್ದು ಕೇಳಿಸಿತು. ಸೊಸೆ ಇಣುಕಿ ನೋಡಿದಾಗ ನಾಯಿ ಮೂರು ಕಾಲ ಮೇಲೆ ನಿಂತು ಕೆಳಗೆ ನೋಡುತ್ತಿತ್ತು. ಕೆಳಗಿನ ಬಾಗಿಲು ಮುಚ್ಚಿದ ಸದ್ದು. ಅಷ್ಟೇ.

"ಹೋಯ್ತಾ ಸವಾರಿ?" ಎಂದರು ಅತ್ತೆ ಒಳಗಿಂದ.

"ಹೋಯ್ತು. ಚಿಂದಿ ಕುಂಟ್ತಿದೆ."

"ಅದೂ ಅವನ ಕೊಡುಗೇನೇ ಇರಲಿ, ಬಿಡು."

ಎರಡು ದಿನಕ್ಕೆ ಸರಿಹೋಗುತ್ತದೆ ಎಂದುಕೊಂಡರು. ಹೋಗಲಿಲ್ಲ. ಕಾಲನ್ನು ತುದಿಬೆರಳಿನ ಮೇಲೆ ಇಟ್ಟೂ ಇಡದ ಹಾಗೆ ತಾಗಿಸುವುದು, ಕೂರುವಾಗ ಪಕ್ಕಕ್ಕೆ ಚಾಚುವುದು. ಆಗ ಅತ್ತೆ ಎತ್ತುವ ಅಂಗಿ ಹೊಲಿದರು. ಅದನ್ನು ತೊಡಿಸಿಕೊಂಡೇ ಪ್ರಾಣಿಗಳ ಆಸ್ಪತ್ರೆಗೆ ಹೋದರು.

ಆಸ್ಪತ್ರೆಯ ಹೊರಕೋಣೆಯಲ್ಲಿ ಒಂದು ಉದ್ದ ಬೆಂಚು, ಗೋಡೆಯ ಮೇಲೆ ನಾಯಿಯ ಅಸ್ಥಿಪಂಜರದ ಚಿತ್ರ, ಮೂಲೆಯಲ್ಲಿ ನೆಲಕ್ಕೆ ಕೂರಿಸಿದ ತೂಕದ ಯಂತ್ರ. ಸಹಾಯಕ ಚಿಂದಿಯನ್ನು ಅದರ ಮೇಲೆ ತಳ್ಳಿ ನಿಲ್ಲಿಸಿ, "ಇಪ್ಪತ್ತೊಂದೂವರೆ" ಎಂದು ಬರೆದುಕೊಂಡ.

"ಇಪ್ಪತ್ತೊಂದೂವರೆನಾ?" ಎಂದರು ಅತ್ತೆ. "ನಮ್ಮನೇಲಿ ಉಂಡಿದ್ದು ಯಾರ ಮೈಗೆ ಹತ್ತುತ್ತೆ ಅಂತ ಈಗ ಗೊತ್ತಾಯ್ತು."

ಡಾಕ್ಟರು ಗಿಡ್ಡಗೆ ಚುರುಕಾಗಿದ್ದ ಹೆಂಗಸು. ಒಂದು ಕೈಯಲ್ಲಿ ಚಿಂದಿಯ ತೊಡೆ, ಇನ್ನೊಂದರಲ್ಲಿ ಮೊಣಕಾಲಿನ ಕೆಳಗಿನ ಮೂಳೆ ಹಿಡಿದು ಮೆಲ್ಲಗೆ ಮುಂದಕ್ಕೆ ತಳ್ಳಿದರು. ಕೆಳಗಿನ ಮೂಳೆ ಜಾರಿ ಮುಂದೆ ಬಂತು, ಮತ್ತೆ ಹಿಂದೆ ಹೋಯಿತು.

"ನೋಡಿ, ಮೇಜಿನ ಡ್ರಾಯರ್ ಎಳೆದ ಹಾಗೆ. ಹೀಗೆ ಬರಬಾರದು. ಮಂಡಿಯೊಳಗೆ ಇದನ್ನ ಹಿಡಿದಿಡೋ ಒಂದು ಲಿಗಮೆಂಟ್ ಇರುತ್ತೆ, ಅದು ಹರಿದಿದೆ."

"ಮೆಟ್ಟಿಲ ಮೇಲೆ ಹಾರಿತು ಡಾಕ್ಟ್ರೇ, ಒಂದೇ ಏಟಿಗೆ—"

"ಒಂದೇ ಏಟಿಗೆ ಹರಿಯೋದು ಕಡಿಮೆ ಅಮ್ಮ. ನಾಯಿಗಳಲ್ಲಿ ಇದು ತಿಂಗಳುಗಟ್ಟಲೆ ಎಳೆ ಎಳೆಯಾಗಿ ಸವೆದಿರುತ್ತೆ. ಆ ದಿನ ಹಾರಿದ್ದು ಒಂದು ನೆಪ."

"ನಮಗೆ ಗೊತ್ತೇ ಆಗಲಿಲ್ಲವಲ್ಲ!"

"ಅದು ಓಡಾಡ್ಕೊಂಡೇ ಇರುತ್ತೆ. ಹೇಗೆ ಗೊತ್ತಾಗಬೇಕು?"

ಸೊಸೆ ಗೋಡೆಯ ಚಿತ್ರ ನೋಡುತ್ತಿದ್ದಳು. ಅಸ್ಥಿಪಂಜರದ ನಾಯಿ ಬಾಲ ಎತ್ತಿಕೊಂಡು ನಿಂತಿತ್ತು.

ಅಂಗಿ ಬಿಚ್ಚಿಸಿ, ಮಂಪರಿನ ಮದ್ದು ಕೊಟ್ಟು ಎಕ್ಸ್-ರೇ ತೆಗೆದರು. ಅಷ್ಟೂ ಹೊತ್ತು ಅತ್ತೆ ಅಂಗಿಯನ್ನು ಮೊಣಕೈಗೆ ನೇತುಹಾಕಿಕೊಂಡು ನಿಂತಿದ್ದರು. ದಿನವಿಡೀ ಬಟ್ಟೆಯ ಥಾನು ಹೊರುವ ಕೈ ಅದು.

ಡಾಕ್ಟರು ಕೂರಿಸಿ ವಿವರಿಸಿದರು. ದಾರಿ ಎರಡು. ಮೊದಲನೆಯದು ದಾರ. ಮೀನು ಹಿಡಿಯುವ ನೈಲಾನಿನಂಥ ಗಟ್ಟಿ ದಾರವನ್ನು ಕೀಲಿನ ಹೊರಗಿನಿಂದ ಹಾಯಿಸಿ ಬಿಗಿಯುವುದು. ದಾರವೇನೂ ಕೊನೆತನಕ ಇರುವುದಿಲ್ಲ. ಒಂದಲ್ಲ ಒಂದು ದಿನ ಸಡಿಲವಾಗುತ್ತದೆ, ಕಿತ್ತೂ ಹೋಗಬಹುದು. ಅಷ್ಟರೊಳಗೆ ಸುತ್ತ ದೇಹ ತಾನೇ ಗಟ್ಟಿಯಾಗಿ ಬೆಳೆದು ಮಂಡಿಯನ್ನು ಹಿಡಿದುಕೊಳ್ಳಬೇಕು.

"ಅಂದ್ರೆ ಕಚ್ಚಾ ಹೊಲಿಗೆ," ಎಂದರು ಅತ್ತೆ. "ಪಕ್ಕಾ ಹೊಲಿಗೆ ಬೀಳೋವರೆಗೆ ಬಟ್ಟೆ ಜಾರದ ಹಾಗೆ."

"ಹಾಗೇ ಅಂದ್ಕೊಳ್ಳಿ. ಎರಡನೇದು ಪ್ಲೇಟು. ಮೊಣಕಾಲಿನ ಕೆಳಗಿನ ಮೂಳೆಯ ತಲೆ ಇಳಿಜಾರಾಗಿದೆ, ಅದಕ್ಕೇ ಜಾರ್ತಿದೆ. ಆ ತಲೇನ ಕಮಾನಿನ ಹಾಗೆ ಕತ್ತರಿಸಿ, ಸ್ವಲ್ಪ ತಿರುಗಿಸಿ, ಸಮತಟ್ಟು ಮಾಡಿ, ಪ್ಲೇಟು ಸ್ಕ್ರೂ ಹಾಕಿ ಕೂರಿಸೋದು. ಇಳಿಜಾರೇ ಇಲ್ಲದ ಮೇಲೆ ಜಾರೋದೆಲ್ಲಿ?"

"ಮೂಳೆ ಕತ್ತರಿಸೋದಾ!" ಅತ್ತೆ ತಮ್ಮ ಮಂಡಿಯನ್ನೇ ಹಿಡಿದುಕೊಂಡರು. "ಹರಿದಿರೋದು ಒಂದು, ಕತ್ತರಿಸೋದು ಇನ್ನೊಂದಾ? ತೋಳು ಹರಿದ್ರೆ ಕಾಲರ್ ಬಿಚ್ಚಿದ ಹಾಗಾಯ್ತು."

ಡಾಕ್ಟರು ನಕ್ಕರು. "ಕೇಳೋಕೆ ಭಯಂಕರ. ಆದ್ರೆ ನಾಲ್ಕಾರು ದಿನಕ್ಕೆ ಕಾಲೂರುತ್ತೆ. ಮೂಳೆ ಕೂಡೋವರೆಗೆ ಮೆಟ್ಟಿಲು, ಓಟ, ಹಾರಾಟ ಬೇಡ. ಒಬ್ಬರೇ ಇದ್ರೂ ನೋಡ್ಕೋಬಹುದು. ದಾರದ್ದು ಹಾಗಲ್ಲ. ಒಳಗೆ ಸ್ವಂತದ್ದು ಬೆಳೆಯೋ ಮುಂಚೆ ಒಂದು ಸಲ ಜಿಗಿದ್ರೆ ಮುಗೀತು. ಕಾವಲು ಕಾಯಬೇಕು, ಮನೇಲಿ ಇಬ್ಬರಾದ್ರೂ ಬೇಕು. ಇನ್ನೊಂದು ಮಾತು, ಇಂಥ ನಾಯಿಗಳಿಗೆ ಮುಂದೆ ಬಲಮಂಡೀನೂ ಹೋಗೋದುಂಟು. ಆ ಕಾಲ ಮೇಲೇ ಭಾರ ಹಾಕ್ತಿರುತ್ತಲ್ಲ."

"ಸುಮ್ಮನೆ ಬಿಟ್ರೆ?"

"ಪುಟಾಣಿ ನಾಯಿ ಆಗಿದ್ರೆ ಮನೇಲಿ ಕೂರಿಸಿ ನೋಡಿ ಅಂತಿದ್ದೆ. ಇದಕ್ಕೆ ಬೇಡ, ಕೀಲು ಸವೆದುಹೋಗುತ್ತೆ." ಅವರು ಸೊಸೆಯ ಕಡೆ ತಿರುಗಿದರು. "ಯಾವುದು ಮಾಡೋಣ, ಹೇಳಿ."

ಸೊಸೆಗೆ ಆ ಪ್ರಶ್ನೆ ವಿಚಿತ್ರವಾಗಿ ಕೇಳಿಸಿತು. ಗಂಡ ಹೋಗುವಾಗ ಯಾರೂ ಅವಳನ್ನು ಒಂದು ಮಾತು ಕೇಳಿರಲಿಲ್ಲ. ಯಾವುದು ಮಾಡೋಣ, ಹೀಗಾದರೆ ಇಷ್ಟು ನೋವು, ಹಾಗಾದರೆ ಅಷ್ಟು ಕಾಲ, ಎಂದು ಚಿತ್ರ ಬರೆದು ತೋರಿಸಿರಲಿಲ್ಲ. ನಾಯಿಯ ಒಂದು ಮಂಡಿಗೆ ಇಷ್ಟು ವಿಚಾರಣೆ.

"ಯಾವುದಾದ್ರೂ ಸರಿ," ಎಂದಳು.

"ಹಾಗಂದ್ರೆ ಹೇಗೆ?"

"ನೀವೇ ಹೇಳಿ."

ಡಾಕ್ಟರು ಕಾಗದ ನೋಡಿದರು. "ತೂಕ ಇಪ್ಪತ್ತೊಂದೂವರೆ ಇದೆ. ಇಪ್ಪತ್ತರ ಆಚೆ ಹೋದ್ರೆ ನಾನು ದಾರಕ್ಕೆ ಕೈ ಹಾಕಲ್ಲ, ಭಾರ ತಡೆಯೋದು ಕಷ್ಟ. ಪ್ಲೇಟೇ."

ಹಾಗೆ ತೂಕದ ಯಂತ್ರವೇ ತೀರ್ಮಾನ ಮಾಡಿತು. ಸೊಸೆಗೆ ತಲೆಯ ಮೇಲಿನ ಹೊರೆ ಇಳಿದಂತಾಯಿತು, ಅಥವಾ ಇಳಿದಂತಾಗಬೇಕಿತ್ತು ಎಂದು ಅವಳು ಅಂದುಕೊಂಡಳು. ಮುಂದಿನ ವಾರಕ್ಕೆ ದಿನ ಗೊತ್ತಾಯಿತು. ನಾಲ್ಕಾರು ದಿನಕ್ಕೆ ಕಾಲೂರುತ್ತದೆ. ಒಬ್ಬರೇ ನೋಡಿಕೊಳ್ಳಬಹುದು. ತಿಂಗಳು ಮುಗಿಯುತ್ತದೆ. ತಾನು ಹೊರಡಬಹುದು. ಎಲ್ಲ ಅಂಚಿಗೆ ಅಂಚು ಕೂಡಿತ್ತು.

ಅಂಗಡಿಯ ಪಕ್ಕದಲ್ಲಿ ಬೀಗ ರಿಪೇರಿಯವನ ಗೂಡಂಗಡಿ. ಯಾರ ಮನೆಯ ಬಾಗಿಲು ತೆರೆದರೂ ಅದರೊಳಗೆ ಮೂಗು ತೂರಿಸುವುದು ಅವನ ವೃತ್ತಿಧರ್ಮವೇ ಆಗಿತ್ತು.

"ಏನಂತೆ ಅಕ್ಕ, ನಮ್ಮ ಕುಂಟ ರಾಜಕುಮಾರಂಗೆ?"

"ಮೂಳೆ ಕತ್ತರಿಸಿ ಪ್ಲೇಟು ಹಾಕ್ತಾರಂತೆ," ಎಂದರು ಅತ್ತೆ.

"ಅಯ್ಯೋ! ನನ್ನ ಮಂಡೀನೂ ದಿನಾ ಕಟಕಟ ಅನ್ನುತ್ತೆ. ನನ್ನನ್ನ ಕೇಳೋರೇ ಇಲ್ಲ. ನಾಯಿಯಾಗಿ ಹುಟ್ಟಿದ್ರೆ ನಿಮ್ಮನೇಲಿ ಹುಟ್ಟಬೇಕು ನೋಡಿ."

"ನಿನ್ನನ್ನ ಮೂರು ಮಹಡಿ ಎತ್ತೋರು ಯಾರಪ್ಪ? ಚಿಂದಿ ಬೊಗಳೋದಾದ್ರೂ ಹೊತ್ತು ನೋಡಿ ಬೊಗಳುತ್ತೆ."

ಅವನು ಬಿದ್ದು ಬಿದ್ದು ನಕ್ಕ. ಚಿಂದಿ ಮೂರು ಕಾಲಲ್ಲೇ ಅವನ ಕುರ್ಚಿಯ ಮೇಲೆ ಹತ್ತಲು ಎಗರಿತು. "ಕುಂಟಂಗೆ ಎಂಟು ಚೇಷ್ಟೆ ಅಂತ ಸುಮ್ಮನೆ ಅಂದಿಲ್ಲ," ಎಂದು ಅತ್ತೆ ಹಿಂದಿನ ಪಟ್ಟಿ ಹಿಡಿದೆಳೆದರು.

ಮೆಟ್ಟಿಲಲ್ಲಿ ಸೊಸೆ ಮುಂದೆ, ಅತ್ತೆ ಹಿಂದೆ. ಎರಡನೇ ಮಹಡಿಗೆ ಅತ್ತೆ ನಿಂತು ಉಸಿರು ತೆಗೆದುಕೊಂಡರು. "ಏನು ಭಾರ ಮಾರಾಯ್ತಿ ಇದು. ದಿನದಿಂದ ದಿನಕ್ಕೆ ಭಾರ ಆಗ್ತಿದೆ." ತಾನು ಹೋದ ಮೇಲೆ ಮುಂದಿನ ಪಟ್ಟಿ ಯಾರು ಹಿಡಿಯುತ್ತಾರೆ ಎಂಬ ಮಾತು ಇಬ್ಬರ ನಡುವೆ ಅದೇ ಮೆಟ್ಟಿಲ ಮೇಲೆ ಕೂತಿತ್ತು. ಅದನ್ನು ದಾಟಿಕೊಂಡು ಹತ್ತಿದರು.

ಮಾರನೆಯ ದಿನ ಅಂಗಿ ಒಗೆಯಬೇಕೆಂದು ಸೊಸೆ ಅದನ್ನು ಬಕೆಟ್ಟಿಗೆ ಹಾಕಿದಳು. ಬಟ್ಟೆ ಬಕೆಟ್ಟಿನ ತಳಕ್ಕೆ ಧಡ್ ಎಂದು ಬಿತ್ತು. ನೆನೆಯದ ಬಟ್ಟೆ ಹಾಗೆ ಬೀಳುವುದಿಲ್ಲ. ಎತ್ತಿ ಅಂಚು ಮುಟ್ಟಿ ನೋಡಿದಳು. ಬೆರಳಿಗೆ ಸಾಲಾಗಿ ಮಣಿಗಳು ಸಿಕ್ಕವು. ದಪ್ಪ ಪರದೆಗಳ ಕೆಳ ಅಂಚಿನೊಳಗೆ, ಗಾಳಿಗೆ ಹಾರದೆ ನೀಟಾಗಿ ಇಳಿಬೀಳಲೆಂದು ಹೊಲಿಯುವ ಸೀಸದ ಮಣಿಸರ. ಅದೂ ಒಂದು ಸುತ್ತಲ್ಲ, ಎರಡು ಸುತ್ತು.

ಅಂಗಿಯನ್ನು ಹಿಡಿದುಕೊಂಡೇ ಅಂಗಡಿಗೆ ಇಳಿದಳು. ಅತ್ತೆ ಕತ್ತರಿಸುವ ಮೇಜಿನ ಮೇಲೆ ಬಾಗಿ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು.

"ಅತ್ತೆ, ಇದರ ಅಂಚಿಗೆ ಏನು ಹಾಕಿದ್ದೀರಿ?"

"ಯಾಕೆ, ಸರ ಹಾಕಿದೀನಿ. ಮೊದಲು ಹಾಕಿರಲಿಲ್ಲ, ಅಂಚು ಮೇಲಕ್ಕೆ ಸುರುಳಿ ಸುತ್ತಿಕೊಳ್ತಿತ್ತು, ನೋಡೋಕೆ ಅಸಹ್ಯ."

"ಎತ್ತೋ ಅಂಗಿ ಅತ್ತೆ ಇದು. ಎತ್ತೋಕೆ ಅಂತ ಹೊಲಿದ ಅಂಗಿಗೆ ಯಾರಾದ್ರೂ ಸೀಸ ತುಂಬ್ತಾರಾ?"

ಅತ್ತೆ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದರು. ನಲವತ್ತು ವರ್ಷ ಪರದೆ ಹೊಲಿದ ಕೈ. ಅಂಚು ಬಂತೆಂದರೆ ಸರ ಹಾಕುತ್ತದೆ, ತಲೆಯನ್ನು ಕೇಳುವುದಿಲ್ಲ. "ಅದಕ್ಕೇನೇ ದಿನದಿಂದ ದಿನಕ್ಕೆ ಭಾರ…" ಎನ್ನುತ್ತ ಅವರೇ ಅಂಗಿಯನ್ನು ಕೈಯಲ್ಲಿ ತೂಗಿ ನೋಡಿ, ಮೇಜಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮನೆಯಲ್ಲಿ ಅಂಥ ನಗು ಕೇಳಿ ಬಹಳ ಕಾಲವಾಗಿತ್ತು. ಚಿಂದಿ ತಲೆ ಎತ್ತಿ ನೋಡಿತು. ಸೊಸೆ ತನಗೂ ನಗು ಬರುತ್ತದೆಯೇ ಎಂದು ಕಾದು ನೋಡಿದಳು. ಬರಲಿಲ್ಲ. ಬಂದದ್ದು ಬೇರೆ ಯೋಚನೆ.

"ಆಸ್ಪತ್ರೇಲಿ ತೂಕ ಮಾಡಿದಾಗ ಈ ಅಂಗಿ ಇತ್ತು."

ಅತ್ತೆಯ ನಗು ನಿಂತಿತು.

ಅಂಗಡಿಯಲ್ಲಿ ಪಾರ್ಸೆಲ್ ತೂಗುವ ಯಂತ್ರವೊಂದಿತ್ತು. ಚಿಂದಿ ಅದರ ಮೇಲೆ ಒಂದು ಕ್ಷಣವೂ ನಿಲ್ಲಲಿಲ್ಲ. ಸರಿ, ಎತ್ತಿಕೊಂಡು ತೂಗಿ, ಎತ್ತಿಕೊಂಡವರ ತೂಕ ಕಳೆಯುವುದೆಂದಾಯಿತು. ಸೊಸೆ ಮೊದಲು ಒಬ್ಬಳೇ ಹತ್ತಿ ನಿಂತಳು. ಅತ್ತೆ ಬಾಗಿ ಅಂಕಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಇಷ್ಟೇನಾ ನೀನು?"

"ಎಷ್ಟಿದೆ?"

"ನಾನು ತಟ್ಟೆಗೆ ಹಾಕಿದ್ದೆಲ್ಲ ಎಲ್ಲಿಗೆ ಹೋಗ್ತಿದೆ? ಆ ನಾಯಿಗೆ ಹಾಕ್ತಿದ್ದೀಯಾ ಮೇಜಿನ ಕೆಳಗೆ?"

"ಒಂದೊಂದು ಸಲ."

"ಒಂದೊಂದು ಸಲವಂತೆ!" ಅತ್ತೆ ಚಿಂದಿಯನ್ನು ಎತ್ತಿ ಅವಳ ತೋಳಿಗೆ ಕೊಟ್ಟರು. ನಾಯಿಯ ಮೈ ಬೆಚ್ಚಗಿತ್ತು. ಎದೆ ಬಡಿದುಕೊಳ್ಳುವುದು ಅವಳ ಪಕ್ಕೆಗೆ ತಾಗುತ್ತಿತ್ತು. ಕೂಡಿ ಕಳೆದರೆ ಹತ್ತೊಂಬತ್ತೂವರೆ.

ಇಪ್ಪತ್ತರ ಈಚೆ.

ಯಂತ್ರ ಮಾಡಿದ ತೀರ್ಮಾನ ಹಾಗೆ ಬಿದ್ದುಹೋಯಿತು. ಈಗ ದಾರವೂ ಆದೀತು, ಪ್ಲೇಟೂ ಆದೀತು. ದಾರವಾದರೆ ಇಬ್ಬರು ಬೇಕು. ಪ್ಲೇಟಾದರೆ ಒಬ್ಬರು ಸಾಕು. ಸೊಸೆ ನಾಯಿಯನ್ನು ಹಿಡಿದುಕೊಂಡು ಯಂತ್ರದ ಮೇಲೇ ನಿಂತಿದ್ದಳು. ಇಳಿಯಬೇಕೆಂದು ತೋಚಲಿಲ್ಲ.

"ಡಾಕ್ಟರಿಗೆ ಹೇಳೋದು ಬೇಡ," ಎಂದರು ಅತ್ತೆ.

"ಯಾಕೆ? ಮೂಳೆ ಕತ್ತರಿಸ್ತಾರೆ ಅಂತ ನೀವೇ ಹೆದರಿದ್ರಿ."

"ಹೆದರಿದ್ದೆ. ಈಗ ಹೆದರಿಕೆ ಹೋಯ್ತು. ಪ್ಲೇಟೇ ಇರಲಿ." ಅತ್ತೆ ಕತ್ತರಿ ಎತ್ತಿಕೊಂಡು ಗೆರೆಯ ಮೇಲೆ ನಡೆಸತೊಡಗಿದರು. ತಲೆ ಎತ್ತಲಿಲ್ಲ. "ನೀನು ಹೋದ ಮೇಲೆ ಇಲ್ಲಿ ಇರೋಳು ನಾನೊಬ್ಬಳು. ದಾರ ಹಾಕಿಸಿ, ಇದರ ಬಾಲ ಹಿಡ್ಕೊಂಡು ಕಾವಲು ಕೂತ್ರೆ ಪರದೆ ಯಾರು ಹೊಲೀತಾರೆ? ಪ್ಲೇಟು ಹಾಕಿದ್ರೆ ಅದರ ಪಾಡಿಗೆ ಅದು. ನೀನು ನಿಶ್ಚಿಂತೆಯಾಗಿ ಹೋಗು."

ಅತ್ತೆ ತನ್ನನ್ನು ಬಿಟ್ಟುಕೊಡುತ್ತಿದ್ದಾರೆ ಎಂದು ಸೊಸೆಗೆ ಅರ್ಥವಾಯಿತು. ಬೇಕಾದರೆ ದಾರಕ್ಕೆ ಹಟ ಹಿಡಿಯಬಹುದಿತ್ತು. ಇಬ್ಬರು ಬೇಕಂತೆ, ನೀನು ಹೇಗೆ ಹೋಗ್ತೀಯ, ಅನ್ನಬಹುದಿತ್ತು. ಕೈಗೆ ಬಂದ ನೆಪ. ಅದನ್ನು ಕತ್ತರಿಸಿ ಬಿಸಾಡಿ, ಗೆರೆ ತಪ್ಪದಂತೆ ಬಟ್ಟೆ ಕತ್ತರಿಸುತ್ತಿದ್ದರು. ಇದು ಅರ್ಥವಾದಾಗ ಏನಾದರೂ ಆಗಬೇಕಿತ್ತು. ಜೋಮು ಹಿಡಿದ ಕಾಲಿಗೆ ಯಾರೋ ದೂರದಿಂದ ಮುಟ್ಟಿದ ಹಾಗಾಯಿತು, ಅಷ್ಟೇ.

ಸಂಜೆ ಅಕ್ಕನ ಫೋನು.

"ಟಿಕೆಟ್ ಮಾಡಿಸಿದ್ಯಾ?"

"ಇಲ್ಲ. ಚಿಂದಿಗೆ ಆಪರೇಷನ್ನು."

"ನಾಯಿದು ಅವರು ನೋಡ್ಕೋತಾರೆ ಕಣೇ. ಅದಕ್ಕೇನು ನೀನೇ ಕತ್ತರಿ ಹಿಡೀಬೇಕಾ?"

"ದಾರ ಹಾಕ್ಸೋದೋ ಪ್ಲೇಟು ಹಾಕ್ಸೋದೋ ಗೊತ್ತಾಗ್ತಿಲ್ಲ."

"ನಿನ್ನ ಬಾಳೇ ಹರಿದು ಬಿದ್ದಿದೆ, ನೀನು ನಾಯಿ ಮಂಡೀಗೆ ದಾರ ಹುಡುಕ್ತಿದ್ದೀಯ!" ಅಕ್ಕ ಸಿಟ್ಟಿನಲ್ಲಿ ಅಂದಳು. ಮರುಕ್ಷಣ ದನಿ ಇಳಿಸಿದಳು. "ನೋಡು, ಬೈದೆ ಅಂದ್ಕೋಬೇಡ. ನೀನು ಅಲ್ಲಿ ಯಾರಿಗೋಸ್ಕರ ಇರ್ತೀಯ, ಹೇಳು? ಆ ಮನೇಲಿ ನಿನಗೇನು ಹಕ್ಕಿದೆ?"

"ಏನೂ ಇಲ್ಲ."

"ಮತ್ತೆ?"

"ಆಮೇಲೆ ಮಾಡ್ತೀನಿ ಅಕ್ಕ," ಎಂದು ಇಟ್ಟಳು.

ಆಪರೇಷನ್ನಿನ ಹಿಂದಿನ ದಿನ ಅವಳೇ ಅತ್ತೆಯನ್ನೂ ಚಿಂದಿಯನ್ನೂ ಹೊರಡಿಸಿಕೊಂಡು ಆಸ್ಪತ್ರೆಗೆ ಹೋದಳು. ಹೇಳದೆ ಇರಲಾಗುವುದಿಲ್ಲ, ಮದ್ದಿನ ಅಳತೆ ತೂಕ ನೋಡಿಯೇ ಕೊಡುವುದಲ್ಲವೇ ಎಂದಾಗ ಅತ್ತೆಗೆ ಎದುರುಮಾತು ಇರಲಿಲ್ಲ. ಅಂಗಿಯ ಮಣಿಸರ ಬಿಚ್ಚಿಯಾಗಿತ್ತು. ಅಂಚು ಸುರುಳಿ ಸುತ್ತಿಕೊಂಡು ನಿಜಕ್ಕೂ ನೋಡಲು ಅಸಹ್ಯವಾಗಿತ್ತು. ದಾರಿಯುದ್ದಕ್ಕೂ ಅತ್ತೆ ಅದನ್ನು ಬೆರಳಲ್ಲಿ ಕೆಳಗೆಳೆಯುತ್ತ ಬಂದರು.

ಡಾಕ್ಟರು ಕತೆ ಕೇಳಿ, ಸಹಾಯಕನನ್ನು ಕರೆದು, "ಇನ್ನು ಮೇಲೆ ಬಟ್ಟೆ ಬಿಚ್ಚಿಸಿ ತೂಗಪ್ಪ, ಯಾರು ಎಲ್ಲಿ ಏನು ಹೊಲಿದಿರ್ತಾರೋ," ಎಂದರು. ಮತ್ತೆ ತೂಗಿಸಿದರು. ಹತ್ತೊಂಬತ್ತೂವರೆಗೆ ತುಸು ಕಡಿಮೆಯೇ.

"ಹಾಗಾದ್ರೆ ದಾರಾನೂ ಯೋಚಿಸಬಹುದು. ಚಿಕ್ಕ ಆಪರೇಷನ್ನು, ಮೂಳೆ ಮುಟ್ಟೋದಿಲ್ಲ. ಆದ್ರೆ ಅವತ್ತೇ ಹೇಳಿದೆ, ಕಾವಲು. ಮನೇಲಿ ಎಷ್ಟು ಜನ ಇರ್ತೀರಿ?"

"ನಾನೊಬ್ಬಳೇ—" ಎಂದು ಅತ್ತೆ ಶುರು ಮಾಡಿದರು.

"ಇಬ್ಬರು," ಎಂದಳು ಸೊಸೆ.

ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ಸೊಸೆ ನೋಡಿಕೊಂಡಳು. ಬಂದಿತ್ತು. ಯಾರೂ ಎಳೆದು ತೆಗೆದದ್ದಲ್ಲ.

"ಇವಳು ತಿಂಗಳ ಕೊನೆಗೆ ಹೊರಡೋಳು ಡಾಕ್ಟ್ರೇ," ಎಂದರು ಅತ್ತೆ ಗಡಿಬಿಡಿಯಲ್ಲಿ. "ನಾಯಿಗೋಸ್ಕರ ಉಳಿಯೋದೆಲ್ಲ ಬೇಡ. ಪ್ಲೇಟೇ ಹಾಕಿ, ಒಬ್ಬಳೇ ನೋಡ್ಕೋತೀನಿ."

"ಇಬ್ಬರು," ಎಂದಳು ಅವಳು ಮತ್ತೆ, ಅದೇ ಸಪ್ಪೆ ದನಿಯಲ್ಲಿ.

ಡಾಕ್ಟರು ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದರು. "ಸರಿ, ಇಬ್ಬರು. ಹಾಗಾದ್ರೆ ದಾರ ಅಂತ ಬರ್ಕೊಳ್ಲಾ?"

ಸೊಸೆ ಚಿಂದಿಯ ಕಡೆ ನೋಡಿದಳು. ಅದು ಮೂರು ಕಾಲ ಮೇಲೆ ನಿಂತು ಸಹಾಯಕನ ಜೇಬಿಗೆ ಮೂಗು ಹಾಕಲು ಎಗರುತ್ತಿತ್ತು. ಅವನು ಹಿಂದೆ ಸರಿದಷ್ಟೂ ಅದು ಮುಂದೆ ಹಾರುತ್ತಿತ್ತು. ಇಬ್ಬರಲ್ಲ, ಹತ್ತು ಜನ ಕಾವಲು ಕೂತರೂ ಇದು ಒಂದು ದಿನ ಯಾವುದೋ ಬಾಗಿಲ ಸಂದಿಯಲ್ಲಿ ನುಗ್ಗುತ್ತದೆ.

"ನಮ್ಮಿಬ್ಬರನ್ನ ಲೆಕ್ಕಕ್ಕೆ ಇಟ್ಕೋಬೇಡಿ," ಎಂದಳು. "ಇದರ ಬುದ್ಧಿ ನೋಡಿ ಹೇಳಿ. ಇದಕ್ಕೆ ಯಾವುದು?"

"ಬುದ್ಧಿ ನೋಡಿದ್ರೆ ಪ್ಲೇಟೇ," ಎಂದರು ಡಾಕ್ಟರು. "ಎಗರೋ ನಾಯಿ."

"ಪ್ಲೇಟೇ ಹಾಕಿ."

"ಇಬ್ಬರಿರ್ತೀವಿ ಅಂತೀಯ, ಮತ್ತೆ ಪ್ಲೇಟಂತೀಯ," ಅತ್ತೆ ಅವಳ ತೋಳು ಹಿಡಿದು ತಿರುಗಿಸಿದರು. "ಒಬ್ಬರಿದ್ರೆ ಸಾಕು ಅನ್ನೋ ಆಪರೇಷನ್ನಿಗೆ ನೀನ್ಯಾಕೆ ಉಳೀತೀಯ? ತಲೆ ನೆಟ್ಟಗಿದ್ಯಾ?"

"ಗೊತ್ತಿಲ್ಲ ಅತ್ತೆ. ಅದರ ಮಂಡಿಗೆ ನಾನು ಬೇಕಾಗಿಲ್ಲ. ಅದಕ್ಕೋಸ್ಕರ ಉಳೀತಿಲ್ಲ ನಾನು."

"ಮತ್ತೆ ಯಾಕೆ?"

ಸೊಸೆ ಯೋಚಿಸಿದಳು. ಯಾಕೆ ಅನ್ನುವ ಜಾಗದಲ್ಲಿ ಏನಿದೆ ಎಂದು ಕೈಯಾಡಿಸಿ ನೋಡಿದಳು. ಪ್ರೀತಿ ಎಂದು ಕರೆಯುವಂಥದ್ದೇನೂ ಸಿಗಲಿಲ್ಲ; ಹಟವೂ ಇರಲಿಲ್ಲ. ಹೋಗುವುದನ್ನು ಅಕ್ಕ ನಿಶ್ಚಯಿಸಿದ್ದಳು. ಹೋಗಲಿ ಎಂದು ಅತ್ತೆ ನಿಶ್ಚಯಿಸಿದ್ದರು. ಅವಳನ್ನು ಒಂಟಿ ಮಾಡುವುದನ್ನು ಗಂಡ ನಿಶ್ಚಯಿಸಿದ್ದ. ಇವತ್ತು ಒಬ್ಬರು ಕೇಳಿದರು, ಅವಳು ಹೇಳಿದಳು. ಅಷ್ಟೇ.

"ಹೋಗೋಕೆ ಮನಸ್ಸಿಲ್ಲ," ಎಂದಳು. "ಇರೋಕೆ ಮನಸ್ಸಿದ್ಯಾ ಅಂತ ಕೇಳಬೇಡಿ. ಅದಿನ್ನೂ ಗೊತ್ತಾಗಿಲ್ಲ."

ಅತ್ತೆ ಅಂಗಿಯ ಸುರುಳಿ ಸುತ್ತಿದ ಅಂಚನ್ನು ಮತ್ತೆ ಬೆರಳಲ್ಲಿ ಕೆಳಗೆಳೆದರು. ಡಾಕ್ಟರು ಕಾಗದದ ಕಡೆ ತಿರುಗಿಕೊಂಡರು.

ಮಾರನೆಯ ಬೆಳಿಗ್ಗೆ ಹೊಟ್ಟೆಗೆ ಏನೂ ಹಾಕದೆ ಚಿಂದಿಯನ್ನು ಕರೆತಂದು ಬಿಟ್ಟರು. ಸಹಾಯಕ ಒಳಗೆ ಎತ್ತಿಕೊಂಡು ಹೋಗುವಾಗ ಅದು ಅವನ ಭುಜದ ಮೇಲಿಂದ ಇವರನ್ನೇ ನೋಡಿತು. ಬಾಗಿಲು ಮುಚ್ಚಿತು. ಮಧ್ಯಾಹ್ನದ ಹೊತ್ತಿಗೆ ಫೋನು ಮಾಡುತ್ತೇವೆ ಎಂದರು.

ಇಬ್ಬರೂ ಬೀದಿಗೆ ಬಂದರು. ಬೆಳಗಿನ ಅಂಗಡಿಗಳು ಷಟರು ಎತ್ತುತ್ತಿದ್ದವು. ಅತ್ತೆ ಬೇಗ ಬೇಗ ನಡೆಯುತ್ತಿದ್ದರು, ಮಾತು ಅದಕ್ಕಿಂತ ಬೇಗ.

"ಇವತ್ತೇ ಅಂಗಡೀಲಿ ಜಾಗ ಮಾಡಬೇಕು. ಥಾನುಗಳನ್ನೆಲ್ಲ ಆ ಕಡೆ ಗೋಡೆಗೆ ಎತ್ತಿಟ್ರೆ ಅದಕ್ಕೆ ಹಾಸಿಗೆ ಹಿಡಿಸುತ್ತೆ. ಯಾರಾದ್ರೂ ಒಬ್ಬರು ಕೆಳಗೇ ಮಲಗಬೇಕು. ನಾನು ಮಲಗ್ತೀನಿ, ನೀನು ಮೇಲಿರು. ಬೇಡ, ನೀನು ಮಲಗು, ನನ್ನ ಬೆನ್ನು ನೆಲಕ್ಕೆ ಆಗಲ್ಲ. ಅಕ್ಕಂಗೆ ಏನು ಹೇಳ್ತೀಯ?"

"ಬರಲ್ಲ ಅಂತ."

"ಎಷ್ಟು ದಿನ ಅಂತ ಕೇಳ್ತಾಳೆ."

"ಗೊತ್ತಿಲ್ಲ ಅಂತೀನಿ."

"ನನ್ನನ್ನ ಬೈತಾಳೆ. ಮುದುಕಿ ಮಂತ್ರ ಹಾಕಿದಾಳೆ ಅಂತಾಳೆ."

"ಅಂತಾಳೆ."

"ಇಲ್ಲ ಅಕ್ಕ, ಅವರು ಹೋಗು ಅಂದಿದ್ರು ಅಂತಾದ್ರೂ ಹೇಳ್ತೀಯೋ ಇಲ್ವೋ?"

"ಹೇಳ್ತೀನಿ."

ಅತ್ತೆ ನಡಿಗೆ ನಿಧಾನ ಮಾಡಿದರು. ಅವಳು ತಮ್ಮ ಪಕ್ಕಕ್ಕೆ ಬರುವವರೆಗೆ ಕಾದರು. "ನೀನು ನಿನ್ನೆ 'ಇಬ್ಬರು' ಅಂದೆಯಲ್ಲ," ಎಂದರು, ಮುಂದಿನ ಬೀದಿಯ ಕಡೆ ನೋಡುತ್ತ. "ಆಮೇಲೆ ಮನೇಗೆ ಹೋಗಿ ನಾನು ಎರಡು ಸಲ ಅನ್ನ ಮಾಡಿಬಿಟ್ಟೆ. ಮೊದಲು ಮಾಡಿದ್ದು ಮರೆತೇಹೋಗಿತ್ತು."

"ಗೊತ್ತು. ಎರಡೂ ಪಾತ್ರೆ ತೊಳೆದವಳು ನಾನೇ."

ರಸ್ತೆ ದಾಟಲು ನಿಂತರು. ಗಾಡಿಗಳು ಹೋಗುತ್ತಲೇ ಇದ್ದವು. ಮೂಳೆ ಕತ್ತರಿಸುವ ಗರಗಸ ಈಗ ಶುರುವಾಗಿರಬಹುದೇ ಎಂದು ಸೊಸೆ ಯೋಚಿಸಿದಳು. ಆ ಯೋಚನೆಗೆ, ಜೋಮು ಬಿಡುವಾಗ ಚುಚ್ಚುವ ಹಾಗೆ, ಒಳಗೆ ಒಂದು ಕಡೆ ಚುಚ್ಚಿತು. ನೋವು ಎಂದು ಹೇಳುವಷ್ಟಲ್ಲ. ಆದರೆ ಎಲ್ಲಿ ಆಗುತ್ತಿದೆ ಎಂದು ಬೆರಳಿಟ್ಟು ತೋರಿಸಬಹುದಿತ್ತು.

"ಅತ್ತೆ, ಅದಕ್ಕೆ ನೋವಾಗಲ್ಲ ಅಲ್ವಾ?"

"ನಿದ್ದೇಲಿರುತ್ತೆ ಈಗ. ಎಚ್ಚರ ಆದ ಮೇಲೆ ಆಗುತ್ತೆ," ಎಂದರು ಅತ್ತೆ. ಗಾಡಿಗಳ ನಡುವೆ ಸಂದು ಸಿಕ್ಕಿದ್ದೇ ಅವಳ ಮಣಿಕಟ್ಟು ಹಿಡಿದು ಎಳೆದುಕೊಂಡು ರಸ್ತೆ ದಾಟಿದರು.